ಟೈರಿನ ಬಾಣ ಎತ್ತ ನೋಡಬೇಕು?

ಪ್ರಶ್ನೆ: ನಾನು ಪಾಂಡವಪುರದ ಬಳಿಯ ಹಳ್ಳಿಯವನು. ಕೆಲಸಕ್ಕೆಂದು ದಿನವೂ ನಾಲೆ ಏರಿಯ ದಾರಿಯಲ್ಲಿ ಬೈಕಿನಲ್ಲಿ ಮಂಡ್ಯಕ್ಕೆ ಹೋಗಿಬರುತ್ತೇನೆ. ಕಳೆದ ಭಾನುವಾರ ಎರಡೂ ಟೈರುಗಳನ್ನು ಮನೆಯಂಗಳದಲ್ಲೇ ಬದಲಾಯಿಸಿದೆ. ಹಿಂದಿನ ಟೈರಿನ ಗೆರೆಗಳು ಮುಂದಕ್ಕೆ ಮೊನೆಯಾಗಿ ಕೂಡಿದ್ದರೆ, ಮುಂದಿನ ಟೈರಿನ ಗೆರೆಗಳು ಹಿಂದಕ್ಕೆ ಕೂಡಿವೆ. ಪಕ್ಕದ ಮನೆಯ ಅಣ್ಣನವರು ಮುಂದಿನದು ಉಲ್ಟಾ ಆಗಿದೆ ಎನ್ನುತ್ತಾರೆ. ಬದಿಯಲ್ಲಿ ಬಾಣದ ಗುರುತಿದೆ, ಆದರೆ ಅದು ಒಮ್ಮೆ ಮುಂದಕ್ಕೂ ಒಮ್ಮೆ ಹಿಂದಕ್ಕೂ ತೋರುವಂತೆ ಕಾಣುತ್ತದೆ. ಮತ್ತೆ ಬಿಚ್ಚಬೇಕೇ?

ಉತ್ತರ: ಬಿಚ್ಚುವ ಮೊದಲು ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಬಾಣದ ಗುರುತು ಚಕ್ರದ ಮೇಲ್ಭಾಗಕ್ಕೆ ಬರುವವರೆಗೆ ಮುಂದಿನ ಚಕ್ರವನ್ನು ಕೈಯಿಂದ ತಿರುಗಿಸಿ. ಅಲ್ಲಿ ಬಾಣವು ಗಾಡಿ ಹೋಗುವ ಕಡೆಗೆ ಮುಖ ಮಾಡಿದ್ದರೆ ಟೈರು ಸರಿಯಾಗಿದೆ. ಅದೇ ಬಾಣ ಚಕ್ರದ ಕೆಳಭಾಗಕ್ಕೆ ಬಂದಾಗ ಹಿಂದಿನ ನಂಬರ್ ಪ್ಲೇಟಿನ ಕಡೆಗೆ ತೋರುವುದು ಸಹಜ, ಏಕೆಂದರೆ ಗಾಡಿ ಮುಂದೆ ಸಾಗುವಾಗ ಚಕ್ರದ ಮೇಲ್ಭಾಗ ಮುಂದಕ್ಕೂ ಕೆಳಭಾಗ ಹಿಂದಕ್ಕೂ ತಿರುಗುತ್ತದೆ. ನಿಮಗೆ ಬಾಣ ಎರಡು ದಿಕ್ಕನ್ನು ತೋರಿಸಿದಂತೆ ಕಂಡದ್ದು ಇದರಿಂದಲೇ.

ಇನ್ನು ಗೆರೆಗಳ ವಿಚಾರ. ಗೆರೆಗಳ ಆಕಾರವನ್ನು ನೋಡಿ ದಿಕ್ಕನ್ನು ತೀರ್ಮಾನಿಸಬಾರದು, ಬಾಣವನ್ನೇ ನಂಬಬೇಕು. ಮುಂದಿನ ಮತ್ತು ಹಿಂದಿನ ಚಕ್ರಗಳು ರಸ್ತೆಯಲ್ಲಿ ಮಾಡುವ ಕೆಲಸ ಒಂದೇ ಅಲ್ಲ. ಹಿಂದಿನ ಚಕ್ರ ಎಂಜಿನ್ನಿನ ಎಳೆತವನ್ನು ರಸ್ತೆಗೆ ದಾಟಿಸುವುದರಿಂದ ರಸ್ತೆ ಅದರ ರಬ್ಬರನ್ನು ಮುಂದಕ್ಕೆ ತಳ್ಳುತ್ತದೆ. ಬ್ರೇಕ್ ಹಿಡಿದಾಗ ಹೆಚ್ಚಿನ ಭಾರ ಹೊರುವ ಮುಂದಿನ ಚಕ್ರದ ರಬ್ಬರನ್ನು ಅದೇ ರಸ್ತೆ ಹಿಂದಕ್ಕೆ ಎಳೆಯುತ್ತದೆ. ಟೈರು ತಯಾರಿಸುವಾಗ ನೆಲಕ್ಕೆ ತಾಗುವ ರಬ್ಬರನ್ನು ಉದ್ದನೆಯ ಪಟ್ಟಿಯಾಗಿ ತಂದು, ಅದರ ಎರಡು ತುದಿಗಳನ್ನು ಓರೆಯಾಗಿ ಕತ್ತರಿಸಿ, ಒಂದರ ಮೇಲೊಂದು ಕೂರಿಸಿ ಬೆಸೆಯುವ ಪದ್ಧತಿ ಇದೆ. ಆ ಓರೆ ಬೆಸುಗೆಯನ್ನು ಬಲವು ಒತ್ತಿ ಹಿಡಿಯುವಂತಿರಬೇಕೇ ಹೊರತು ಸುಲಿಯುವಂತಿರಬಾರದು. ಎರಡು ಚಕ್ರಗಳ ಮೇಲೆ ಬೀಳುವ ದೊಡ್ಡ ಬಲಗಳು ಎದುರುಬದುರಾಗಿರುವುದರಿಂದ ಬೆಸುಗೆಯ ಓರೆಯೂ, ಎಷ್ಟೋ ಟೈರುಗಳಲ್ಲಿ ಗೆರೆಗಳ ಮುಖವೂ ಎದುರುಬದುರಾಗಿರುತ್ತವೆ. ನೀರನ್ನು ಬದಿಗೆ ಹೊರಹಾಕುವುದೂ ಗೆರೆಗಳ ಕೆಲಸವೇ, ನಾಲೆ ಏರಿಯ ಮೇಲೆ ಮಳೆ ಬಿದ್ದ ದಿನ ನಿಮಗೆ ಅದರ ಬೆಲೆ ತಿಳಿದಿರುತ್ತದೆ; ಆದರೆ ಮುಂದಿನ ಟೈರಿನಲ್ಲಿ ಬ್ರೇಕಿನ ಸೆಳೆತಕ್ಕೆ ರಬ್ಬರಿನ ತುಂಡುಗಳು ಬಾಗದಂತೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ. ಹೀಗಾಗಿ ನಿಮ್ಮ ನೆರೆಯವರ ಕಣ್ಣಿಗೆ ಉಲ್ಟಾ ಎನಿಸಿದ ಟೈರು ತಪ್ಪಾಗಿ ಕೂತಿರಲೇಬೇಕೆಂದಿಲ್ಲ. ಬಾಣ ಮೇಲ್ಭಾಗದಲ್ಲಿ ಮುಂದಕ್ಕೆ ನೋಡುತ್ತಿದ್ದರೆ ಆ ಟೈರನ್ನು ಮುಟ್ಟಬೇಡಿ.

ಒಂದು ವೇಳೆ ಹಿಂದಕ್ಕೆ ನೋಡುತ್ತಿದ್ದರೆ ರಿಮ್ಮಿನಿಂದ ಟೈರನ್ನು ಪೂರ್ತಿ ಬಿಡಿಸಿ ಮಗುಚಿ ಹಾಕುವುದೊಂದೇ ದಾರಿ. ಬ್ರೇಕ್ ಮತ್ತು ಚೈನ್ ಚಕ್ರಕ್ಕೆ ತಮ್ಮದೇ ಬದಿ ಇರುವುದರಿಂದ ಇಡೀ ಚಕ್ರವನ್ನು ತಿರುಗಿಸಿ ಕೂರಿಸಲು ಬರುವುದಿಲ್ಲ. ಈ ತಪ್ಪು ನನ್ನಿಂದಲೂ ಒಮ್ಮೆ ಆಗಿದೆ. ಹಿಂದಿನ ಚಕ್ರವನ್ನು ಗೋಣಿಚೀಲದ ಮೇಲೆ ಮಲಗಿಸಿಕೊಂಡು ಟೈರು ಏರಿಸಿದ ನಾನು, ಯಾವ ಬದಿ ಮೇಲಿದೆ ಎಂಬುದನ್ನೇ ಗಮನಿಸಿರಲಿಲ್ಲ; ಗಾಳಿ ತುಂಬಿ, ಆಕ್ಸಲ್ ಬಿಗಿಮಾಡಿ, ಚೈನ್ ಸರಿಪಡಿಸಿದ ಮೇಲೆ ಬಾಣ ಹಿಂದಕ್ಕೆ ನೋಡುತ್ತಿರುವುದು ಕಂಡು ಎಲ್ಲವನ್ನೂ ಮೊದಲಿನಿಂದ ಬಿಚ್ಚಬೇಕಾಯಿತು. ಅಂದಿನಿಂದ ಟೈರು ಎಬ್ಬಿಸುವ ಲಿವರ್ ಕೈಗೆತ್ತಿಕೊಳ್ಳುವ ಮೊದಲು ರಿಮ್ಮಿನ ಮೇಲೆ ಸೀಮೆಸುಣ್ಣದಿಂದ ತಿರುಗುವ ದಿಕ್ಕಿನ ಗುರುತು ಹಾಕಿಕೊಳ್ಳುತ್ತೇನೆ. ಚೈನ್ ಎಡಗಡೆ ಇರುವ ಗಾಡಿಯಲ್ಲಿ ಚೈನ್ ಚಕ್ರದ ಬದಿ ಮೇಲಾಗಿ ಮಲಗಿಸಿದರೆ ಬಾಣವು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುವಂತಿರಬೇಕು.

ಪ್ರಶ್ನೆ: ನಾನು ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ದಿನವೂ ಓಡಾಡುವವಳು. ನಾನು ಕೊಂಡ ಹೊಸ ಟೈರಿನ ಮೇಲೆ ಎರಡು ಬಾಣಗಳಿದ್ದು, ಒಂದರ ಬಳಿ ಮುಂದಿನ ಚಕ್ರಕ್ಕೆ, ಇನ್ನೊಂದರ ಬಳಿ ಹಿಂದಿನ ಚಕ್ರಕ್ಕೆ ಎಂದು ಇಂಗ್ಲಿಷಿನಲ್ಲಿದೆ. ಬದಿಯಲ್ಲಿ ಹಳದಿ ಚುಕ್ಕೆಯೂ ಇದೆ. ಇವುಗಳ ಅರ್ಥವೇನು?

ಉತ್ತರ: ಆ ಟೈರನ್ನು ಎರಡು ಕಡೆಯೂ ಬಳಸಬಹುದು, ಆದರೆ ಮೇಲೆ ಹೇಳಿದ ಕಾರಣಕ್ಕೇ ಒಂದೊಂದು ಕಡೆಗೆ ಒಂದೊಂದು ದಿಕ್ಕು. ನೀವು ಹಾಕುತ್ತಿರುವ ಚಕ್ರದ ಹೆಸರಿರುವ ಬಾಣವನ್ನಷ್ಟೇ ನೋಡಿ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕುಗಳಿಗೆ ಪ್ರವೇಶವಿಲ್ಲದಿರುವುದರಿಂದ ನೀವು ಸರ್ವಿಸ್ ರಸ್ತೆಯಲ್ಲೇ ಹೋಗುತ್ತಿರಬೇಕು. ಅಲ್ಲಿ ಅಡ್ಡ ಬರುವ ಟ್ರ್ಯಾಕ್ಟರ್, ದನಕರುಗಳಿಗಾಗಿ ಮುಂದಿನ ಬ್ರೇಕನ್ನು ಮತ್ತೆ ಮತ್ತೆ ಹಿಡಿಯಬೇಕಾಗುವ ಕಾರಣ ಮುಂದಿನ ಟೈರಿನ ದಿಕ್ಕನ್ನು ಅಲಕ್ಷಿಸಬೇಡಿ. ಹಳದಿ ಚುಕ್ಕೆ ಟೈರಿನ ಹಗುರವಾದ ಜಾಗವನ್ನು ಸೂಚಿಸುತ್ತದೆ. ಗಾಳಿ ತುಂಬುವ ವಾಲ್ ಇರುವ ಕಡೆ ತುಸು ಭಾರ ಹೆಚ್ಚಾದ್ದರಿಂದ ಚುಕ್ಕೆಯನ್ನು ವಾಲ್‌ಗೆ ನೇರವಾಗಿ ಕೂರಿಸಿ. ಹೊಸ ರಬ್ಬರಿನ ಮೇಲ್ಮೈ ನುಣುಪಾಗಿರುವುದರಿಂದ ಮೊದಲ 150 ಕಿಲೋಮೀಟರು ತಿರುವುಗಳಲ್ಲಿ ಗಾಡಿಯನ್ನು ಹೆಚ್ಚು ವಾಲಿಸಬೇಡಿ.

ಪ್ರಶ್ನೆ: ಮಳವಳ್ಳಿಯಿಂದ ಬರೆಯುತ್ತಿದ್ದೇನೆ. ಕಡ್ಡಿ ಚಕ್ರಕ್ಕೆ ನಾನೇ ಟೈರು ಹಾಕಿದಾಗ ಎರಡು ಸಲವೂ ಹೊಸ ಟ್ಯೂಬ್ ಲಿವರಿಗೆ ಸಿಕ್ಕಿ ತೂತಾಯಿತು. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಕೊನೆಯ ಗೇಣುದ್ದವನ್ನು ನೀವು ಬಲವಂತದಿಂದ ಎತ್ತುತ್ತಿದ್ದೀರಿ ಎಂದು ನನ್ನ ಊಹೆ. ರಿಮ್ಮಿನ ನಡುವೆ ಸುತ್ತಲೂ ಒಂದು ತಗ್ಗಿದೆ. ಲಿವರಿನ ಎದುರು ಬದಿಯಲ್ಲಿ ಟೈರಿನ ಅಂಚನ್ನು ಮೊಣಕಾಲಿನಿಂದ ಒತ್ತಿ ಆ ತಗ್ಗಿಗೆ ಇಳಿಸಿದರೆ ಲಿವರಿನ ಬದಿಯಲ್ಲಿ ಅಂಚು ಸಡಿಲವಾಗಿ, ಸೋಪಿನ ನೀರು ಸವರಿದ ಟೈರು ಹೆಚ್ಚು ಬಲವಿಲ್ಲದೆ ಒಳಗೆ ಜಾರುತ್ತದೆ. ಟ್ಯೂಬಿಗೆ ಅದರ ಆಕಾರ ನಿಲ್ಲುವಷ್ಟು ಮಾತ್ರ ಗಾಳಿ ಮೊದಲೇ ತುಂಬಿರಬೇಕು, ಆಗ ಅದು ಮಡಿಸಿಕೊಂಡು ಲಿವರಿನ ಕೆಳಗೆ ಬರುವುದಿಲ್ಲ. ಏರಿಸುವ ಕೆಲಸವನ್ನು ವಾಲಿನ ಎದುರು ಬದಿಯಿಂದ ಆರಂಭಿಸಿ ವಾಲಿನ ಬಳಿ ಮುಗಿಸಿ. ಮುಗಿಸುವ ಮೊದಲು ವಾಲನ್ನು ಒಮ್ಮೆ ಒಳಕ್ಕೆ ಒತ್ತಿ ಬಿಟ್ಟರೆ ಅದರ ಬುಡ ಟೈರಿನ ಅಂಚಿಗೆ ಸಿಕ್ಕಿಕೊಂಡಿಲ್ಲವೆಂದು ಖಾತ್ರಿಯಾಗುತ್ತದೆ. ಗಾಳಿ ತುಂಬಿದ ಮೇಲೆ ರಿಮ್ಮಿನ ಪಕ್ಕದಲ್ಲಿ ಟೈರಿನ ಮೇಲಿರುವ ಸಣ್ಣ ಉಬ್ಬುಗೆರೆ ಸುತ್ತಲೂ ಒಂದೇ ಅಂತರದಲ್ಲಿ ಕಾಣುತ್ತಿದೆಯೇ ನೋಡಿ. ಎಲ್ಲಾದರೂ ಒಳಗೆ ಮುಳುಗಿದ್ದರೆ ಗಾಳಿ ಬಿಟ್ಟು, ಅಲ್ಲಿಗೆ ಸೋಪಿನ ನೀರು ಹಚ್ಚಿ ಮತ್ತೆ ತುಂಬಿ. ಓಡಿಸಿದ ಕೆಲವು ದಿನಗಳಲ್ಲಿ ವಾಲ್ ಓರೆಯಾಗಿ ನಿಂತಿದ್ದು ಕಂಡರೆ ಟೈರು ರಿಮ್ಮಿನ ಮೇಲೆ ಜಾರಿ ಟ್ಯೂಬನ್ನೂ ಎಳೆದುಕೊಂಡಿದೆ ಎಂದರ್ಥ. ಆಗ ಗಾಳಿಯ ಒತ್ತಡ ಕಡಿಮೆಯಾಗಿದೆಯೇ ನೋಡಿ, ವಾಲಿನ ಬುಡ ಕಿತ್ತುಹೋಗುವ ಮುನ್ನ ಗಾಳಿ ಬಿಟ್ಟು ಟ್ಯೂಬನ್ನು ನೇರ ಮಾಡಿ.