ಅಷ್ಟು ದೂರ ಒಬ್ಬನೇ ಹೋಗಬಹುದಾ?

ಪ್ರಶ್ನೆ: ಡೆನ್ವರ್‌ನಲ್ಲಿರುವ ಮಗ ಲಾಸ್ ವೇಗಸ್‌ಗೆ ಕಾರಿನಲ್ಲಿ ಒಬ್ಬನೇ ಹೊರಟಿದ್ದಾನೆ. ನನಗೆ ನಿದ್ದೆಯೇ ಬರುತ್ತಿಲ್ಲ.
– ಒಬ್ಬ ತಾಯಿ, ಮಂಡ್ಯ

ಉತ್ತರ: ಭಯ ಆಗೋದು ಸಹಜ ಅಮ್ಮಾ. ನಾನೂ ಆ ದಾರಿಯಲ್ಲಿ ಒಬ್ಬನೇ ಹೋಗಿದ್ದೇನೆ. ರಸ್ತೆ ಚೆನ್ನಾಗಿದೆ. ಆದರೆ ಯೂಟಾ ರಾಜ್ಯದಲ್ಲಿ ಇಂಟರ್‌ಸ್ಟೇಟ್ 70 ಹೆದ್ದಾರಿಯ ಮೇಲೆ ಗ್ರೀನ್ ರಿವರ್ ಊರು ದಾಟಿದರೆ ಸಲೈನಾ ಬರುವವರೆಗೆ ಸುಮಾರು 170 ಕಿ.ಮೀ. ಪೆಟ್ರೋಲ್ ಬಂಕ್ ಇಲ್ಲ, ಹೋಟೆಲ್ ಇಲ್ಲ, ಮೈಸೂರು–ಬೆಂಗಳೂರಿಗಿಂತ ಜಾಸ್ತಿ ದೂರ ಅದು, ನಮ್ಮ ಹಾಗೆ ಮದ್ದೂರಲ್ಲಿ ನಿಲ್ಲಿಸಿ ವಡೆ ತಿನ್ನೋಕಾಗಲ್ಲ. ಗ್ರೀನ್ ರಿವರ್‌ನಲ್ಲೇ ಟ್ಯಾಂಕ್ ತುಂಬಿಸಿ, ನೀರು ಇಟ್ಟುಕೊಳ್ಳಲಿ. ತೂಕಡಿಕೆ ಬಂದರೆ ರೆಸ್ಟ್ ಏರಿಯಾದಲ್ಲಿ ಮಲಗಲಿ. ಅಲ್ಲಿನ ಬಂಡೆಗಳ ನಡುವೆ, ಆ ಮೌನದಲ್ಲಿ, ನನಗೆ ನನ್ನಮ್ಮ ತುಂಬಾ ನೆನಪಾಗಿದ್ದರು. ಹೊರಟಾಗ, ತಲುಪಿದಾಗ ಫೋನ್ ಮಾಡು ಅನ್ನಿ. ಅವನು ಓಡಿಸುವಾಗ ಮಾತ್ರ ನೀವು ಮಾಡಬೇಡಿ.