ಮೇಷ್ಟ್ರೇ, ಪಾಲಾರು ಎಲ್ಲಿಗೆ ಹೋಗುತ್ತದೆ?

ಕೋಲಾರ ಜಿಲ್ಲೆಯ ಬೇತಮಂಗಲದ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಈಗ ಎರಡು ಎಕರೆಯಲ್ಲಿ ಟೊಮೆಟೊ ಇಡುತ್ತಾರಂತೆ. ಪತ್ರ ಉದ್ದವಾಗಿದೆ. ತಿರುಳು ಇಷ್ಟು:

“ಹೋದ ಸಂಚಿಕೆಯಲ್ಲಿ ನಾಲ್ಕು ಪುಟ ತುಂಬಾ ಮೈಕ್ರೊಪ್ಲಾಸ್ಟಿಕ್, ಅಂದರೆ ಪ್ಲಾಸ್ಟಿಕ್ಕಿನ ಸಣ್ಣ ಚೂರುಗಳ ಬಗ್ಗೆ ಬರೆದಿದ್ದೀರಿ. ಸಮುದ್ರ, ಹಿನ್ನೀರು, ಮೀನಿನ ಹೊಟ್ಟೆ, ಏಡಿ. ಓದಲು ಚೆನ್ನಾಗಿತ್ತು. ಆದರೆ ನಮಗೂ ಸಮುದ್ರಕ್ಕೂ ಏನು ಸಂಬಂಧ ಸ್ವಾಮಿ? ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಒಂದು ಹೊಳೆ ಇಲ್ಲ. ಸಾವಿರದ ಇನ್ನೂರು ಅಡಿ ಕೊರೆಸಿದರೂ ಬೋರಿನಲ್ಲಿ ಧೂಳು ಬರುತ್ತದೆ. ಇದನ್ನು ಮಂಗಳೂರಿನವರು ಓದಲಿ. ನಮಗೆ ಟೊಮೆಟೊ ರೇಟಿನ ಬಗ್ಗೆ ಬರೆಯಿರಿ. ಇನ್ನೊಂದು ಮಾತು. ಪ್ಲಾಸ್ಟಿಕ್ಕಿಗೆ ಇಷ್ಟು ಬೈದ ನಿಮ್ಮ ಪತ್ರಿಕೆ ನನ್ನ ಮನೆಗೆ ಬಂದದ್ದು ಪ್ಲಾಸ್ಟಿಕ್ ಕವರಿನಲ್ಲಿ.”

ಕವರಿನ ಮಾತಿಗೆ ಕೊನೆಯಲ್ಲಿ ಬರುತ್ತೇನೆ. ತಪ್ಪಿಸಿಕೊಳ್ಳುವುದಿಲ್ಲ.

ಮೊದಲು ನಿಮ್ಮ ಪರವಾಗಿ ಒಂದು ಮಾತು. ನೀರೇ ಇಲ್ಲದವನ ಮುಂದೆ ನೀರಿನಲ್ಲಿ ಏನು ಬೆರೆತಿದೆ ಅಂತ ಭಾಷಣ ಮಾಡುವುದು ತಪ್ಪೇ. ಬೋರು ಕೈಕೊಟ್ಟ ರಾತ್ರಿ ರೈತನ ಮನೆಯಲ್ಲಿ ಹೇಗಿರುತ್ತದೆ ಅಂತ ನನಗೂ ಗೊತ್ತು. ಅಲ್ಲಿಗೆ ನಿಮ್ಮ ಪರವಾದ ಮಾತು ಮುಗಿಯಿತು. ಈಗ ಸ್ವಲ್ಪ ಜಗಳ ಆಡೋಣ.

ಮೇಷ್ಟ್ರೇ, ನಿಮ್ಮ ಊರಿನ ಕೆರೆಗೆ ಬರುವ ಪಾಲಾರು ಆಮೇಲೆ ಎಲ್ಲಿಗೆ ಹೋಗುತ್ತದೆ? ಮಕ್ಕಳಿಗೆ ನೀವೇ ಭೂಪಟ ತೋರಿಸಿ ಪಾಠ ಮಾಡಿರುತ್ತೀರಿ. ಅದರ ಉದ್ದ 348 ಕಿಲೋಮೀಟರ್. ಅದರಲ್ಲಿ 93 ಕಿಲೋಮೀಟರ್ ನಮ್ಮದು. ಆಮೇಲೆ ಆಂಧ್ರದ ಒಂದು ಮೂಲೆ ಮುಟ್ಟಿ, ತಮಿಳುನಾಡಿಗೆ ಇಳಿದು, ಕಲ್ಪಾಕ್ಕಂ ಹತ್ತಿರದ ವಯಲೂರಿನಲ್ಲಿ ಬಂಗಾಳ ಕೊಲ್ಲಿಗೆ ಸೇರುತ್ತದೆ. ದಕ್ಷಿಣ ಪಿನಾಕಿನಿ ಕಡಲೂರಿಗೆ ಹೋಗುತ್ತದೆ. ಉತ್ತರ ಪಿನಾಕಿನಿ ಗೌರಿಬಿದನೂರು ದಾಟಿ ನೆಲ್ಲೂರಿನ ಆಚೆ ಸಮುದ್ರ ಸೇರುತ್ತದೆ. ಚಿತ್ರಾವತಿ, ಪಾಪಾಗ್ನಿ ಎರಡೂ ದಾರಿಯಲ್ಲಿ ಅದಕ್ಕೇ ಕೂಡಿಕೊಳ್ಳುತ್ತವೆ. ಅರ್ಕಾವತಿ ಕಾವೇರಿಗೆ. ಇವೆಲ್ಲ ಹುಟ್ಟಿದ್ದು ನಂದಿ ಬೆಟ್ಟದ ಸುತ್ತಿನ ಸೀಮೆಯಲ್ಲಿ. ಇಷ್ಟು ಹೆಣ್ಣುಮಕ್ಕಳನ್ನು ಹೆತ್ತು ಒಬ್ಬಳನ್ನೂ ಊರಲ್ಲಿ ಉಳಿಸಿಕೊಳ್ಳದೆ ಕೊಟ್ಟು ಕಳಿಸಿದ ತವರು ನಮ್ಮದು. ಕಳಿಸುವಾಗ ಮಡಿಲಿಗೆ ಏನು ತುಂಬಿ ಕಳಿಸುತ್ತಿದ್ದೇವೆ ಅನ್ನುವುದಷ್ಟೇ ನನ್ನ ಪ್ರಶ್ನೆ.

ಹರಿಯುವುದೇ ಇಲ್ಲವಲ್ಲ ಅನ್ನುತ್ತೀರಿ. 2021ರ ನವೆಂಬರ್ ನೆನಪಿದೆಯಾ? ನಿಮ್ಮ ಬೇತಮಂಗಲದ ಕೆರೆ ಕೋಡಿ ಬಿತ್ತು. ಜನ ಬಾಗಿನ ಬಿಟ್ಟರು, ಸೆಲ್ಫಿ ತೆಗೆದುಕೊಂಡರು. ನಾನೂ ಹೋಗಿದ್ದೆ. ನೀರು ಇಳಿದ ಮೇಲೆ ಇನ್ನೊಂದು ಸಲ ಹೋದೆ. ಹೊಳೆಯ ಪಾತ್ರದಲ್ಲಿದ್ದ ಬಳ್ಳಾರಿ ಜಾಲಿಯ ಗಿಡಗಳಿಗೆಲ್ಲ ಆಳೆತ್ತರದವರೆಗೆ ಕವರು, ಹಾಳೆ, ದಾರ. ದೂರದಿಂದ ನೋಡಿದರೆ ಗಿಡಕ್ಕೆ ಹೂ ಬಿಟ್ಟ ಹಾಗೆ. ಅದು ಮುಳ್ಳಿಗೆ ಸಿಕ್ಕಿಕೊಂಡು ಉಳಿದದ್ದು. ಸಿಕ್ಕಿಕೊಳ್ಳದ್ದು ಎಲ್ಲಿಗೆ ಹೋಯಿತು? ವರ್ಷಗಟ್ಟಲೆ ಒಣಗಿದ ಹೊಳೆ ಅಂದರೆ ವರ್ಷಗಟ್ಟಲೆ ಕಸ ಕೂಡಿಟ್ಟ ಹೊಳೆ. ಒಂದು ವಾರದ ನೀರು ಎಲ್ಲವನ್ನೂ ಗುಡಿಸಿಕೊಂಡು ಹೋಗುತ್ತದೆ.

ಒಂದು ತಮಾಷೆ ಹೇಳುತ್ತೇನೆ. 1892ರ ಮದ್ರಾಸ್-ಮೈಸೂರು ಒಪ್ಪಂದದ ಪ್ರಕಾರ ಪಾಲಾರಿಗೆ ಹೊಸ ಕಟ್ಟೆ ಕಟ್ಟಬೇಕಾದರೆ ಮದ್ರಾಸಿನವರ ಒಪ್ಪಿಗೆ ಬೇಕಿತ್ತು. ನೀರಿನ ಒಂದೊಂದು ಬಿಂದಿಗೆಗೂ ಇವತ್ತಿನವರೆಗೆ ಜಗಳ ಇದೆ. ಪ್ಲಾಸ್ಟಿಕ್ ಕಳಿಸಲು ಮಾತ್ರ ಯಾರ ಒಪ್ಪಿಗೆಯೂ ಬೇಡ. ಕೆಳಗಿನವರೂ ಅದರ ಪಾಲು ಸಾಲದು ಅಂತ ಕೋರ್ಟಿಗೆ ಹೋದದ್ದಿಲ್ಲ.

ಸಣ್ಣ ಹೊಳೆಯಿಂದ ಎಷ್ಟು ಹೋದೀತು ಅನ್ನಬಹುದು. ವಿಜ್ಞಾನಿಗಳೂ ಹಾಗೇ ಅಂದುಕೊಂಡಿದ್ದರು. ನದಿಗಳಿಂದ ಸಮುದ್ರಕ್ಕೆ ಹೋಗುವ ಪ್ಲಾಸ್ಟಿಕ್ಕಿನ ಬಹುಪಾಲು ಹತ್ತೇ ಹತ್ತು ದೊಡ್ಡ ನದಿಗಳಿಂದ ಅಂತ 2017ರಲ್ಲಿ ಒಂದು ಲೆಕ್ಕ ಬಂತು. ಎಲ್ಲರೂ ಗಂಗೆ, ಯಾಂಗ್‌ಟ್ಸೆ ಅಂತ ಬೆರಳು ತೋರಿಸಿದರು. 2021ರಲ್ಲಿ ಇನ್ನೊಂದು ಲೆಕ್ಕ ಬಂತು. ಹತ್ತಲ್ಲ, ಸಾವಿರಕ್ಕೂ ಹೆಚ್ಚು ನದಿಗಳು ಸೇರಿದರೆ ನೂರಕ್ಕೆ 80 ಪಾಲು ಆಗುತ್ತದೆ, ಊರುಗಳ ನಡುವೆ ಹರಿಯುವ ಸಣ್ಣ ಹೊಳೆಗಳದ್ದೇ ಅದರಲ್ಲಿ ದೊಡ್ಡ ಕೈ ಅಂತ. ಸಣ್ಣವರು ಅನ್ನುವ ರಿಯಾಯಿತಿ ಹೋಯಿತು.

ಈಗ ನಿಮ್ಮ ಹೊಲಕ್ಕೆ ಬರೋಣ. ಟೊಮೆಟೊ ಅಂದಿರಿ, ಅಲ್ವಾ? ಹಾಗಾದರೆ ಮಲ್ಚಿಂಗ್ ಪೇಪರ್ ಹಾಕಿಯೇ ಇರುತ್ತೀರಿ. ಗಿಡದ ಬುಡದ ಮಣ್ಣಿಗೆ ಹೊದಿಸುವ ಹಾಳೆ ಅದು, ಹೆಸರಿಗೆ ಪೇಪರ್, ಇರುವುದು ಪಾಲಿಥಿನ್. ಮೇಲೆ ಬೆಳ್ಳಿ, ಕೆಳಗೆ ಕಪ್ಪು. ಇದರ ಬಗ್ಗೆ ನಾನು ಈ ಅಂಕಣದಲ್ಲಿ ಎಷ್ಟು ಸಲ ಕೊರೆದಿದ್ದೇನೆ ಅಂತ ಹಳೆಯ ಓದುಗರಿಗೆ ಗೊತ್ತು. ಇನ್ನೊಂದು ಸಲ ಕೊರೆಯುತ್ತೇನೆ, ನೀವಾಗಿಯೇ ಬಾಗಿಲು ತೆರೆದಿದ್ದೀರಿ.

ಅದರಿಂದ ಉಪಯೋಗ ಇದೆ. ನೀರು ಉಳಿಯುತ್ತದೆ, ಕಳೆ ಬರುವುದಿಲ್ಲ, ಕೂಲಿ ಉಳಿಯುತ್ತದೆ. ಒಪ್ಪಿದೆ. ಆದರೆ ಲೆಕ್ಕ ಹಾಕಿ ನೋಡಿ. ನಾಲ್ಕಡಿ ಅಗಲದ ಹಾಳೆ, ಸಾಲಿಗೂ ಸಾಲಿಗೂ ಐದಡಿ. ಎಕರೆಗೆ 400 ಮೀಟರಿನ ರೋಲು ಆರೇಳು ಬೇಕು. 25 ಮೈಕ್ರಾನಿನದಾದರೆ (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರಾನ್) ಒಂದು ರೋಲು ಹತ್ತು ಹನ್ನೊಂದು ಕೆಜಿ ತೂಗುತ್ತದೆ. ಎಕರೆಗೆ ಸುಮಾರು 70 ಕೆಜಿ ಪ್ಲಾಸ್ಟಿಕ್. ನಿಮ್ಮ ಎರಡು ಎಕರೆಗೆ ಒಂದೂವರೆ ಕ್ವಿಂಟಾಲ್ ಹತ್ತಿರ.

ದೇಶದ ಯಾವ ಅಂಗಡಿಯಲ್ಲೇ ಆಗಲಿ ಕ್ಯಾರಿ ಬ್ಯಾಗು 120 ಮೈಕ್ರಾನಿಗಿಂತ ತೆಳುವಾಗಿದ್ದರೆ ದಂಡ. 2022ರ ಡಿಸೆಂಬರ್ 31ರಿಂದ ಅದೇ ಕಾನೂನು. ಯಾಕೆ? ತೆಳು ಪ್ಲಾಸ್ಟಿಕ್ಕನ್ನು ಆಯುವುದು ಕಷ್ಟ, ಗುಜರಿಯವರು ಮುಟ್ಟುವುದಿಲ್ಲ, ಬೇಗ ಚೂರಾಗುತ್ತದೆ. ಸರಿಯಾದ ಮಾತೇ. ಹಾಗಾದರೆ 25 ಮೈಕ್ರಾನಿನ ಹಾಳೆಯನ್ನು ಎಕರೆಗಟ್ಟಲೆ ಹಾಸಿದರೆ? ಅದಕ್ಕೆ ದಂಡ ಇಲ್ಲ, ಅರ್ಧ ಖರ್ಚಿಗೆ ಸಬ್ಸಿಡಿ ಇದೆ! ಸೊಪ್ಪು ಮಾರುವ ಅಜ್ಜಿಯ ಕೈಯಿಂದ ಕವರು ಕಿತ್ತುಕೊಳ್ಳುವ ಸರ್ಕಾರವೇ ಹೊಲಕ್ಕೆ ಆ 120 ಮೈಕ್ರಾನಿನ ಐದರಲ್ಲಿ ಒಂದು ಪಾಲು ದಪ್ಪದ ಹಾಳೆಗೆ ದುಡ್ಡು ಕೊಡುತ್ತದೆ.

ನಾವೂ ಹಾಕಿದ್ದೆವು, ಮುಚ್ಚಿಡುವುದಿಲ್ಲ. ತಮ್ಮನ ಹೊಲದಲ್ಲಿ ಎರಡು ಬೆಳೆ. ಬಿಸಿಲಿಗೆ ಹಾಳೆ ಹಪ್ಪಳದ ಹಾಗಾಯಿತು. ಎಳೆದರೆ ಕೈಗೆ ಒಂದು ಗೇಣು ಬಂತು, ಉಳಿದದ್ದು ಮಣ್ಣಲ್ಲೇ ಉಳಿಯಿತು. ಕಿತ್ತದ್ದನ್ನು ಬದುವಿನ ಮೇಲೆ ಗುಡ್ಡೆ ಹಾಕಿದೆವು. ಗುಜರಿಯವನು ಹಳೇ ಡ್ರಿಪ್ ಪೈಪು ಖುಷಿಯಾಗಿ ಎತ್ತಿಕೊಂಡ, ಇದನ್ನು ಕಾಲಲ್ಲಿ ಒದ್ದು ನೋಡಿ ಹೋದ. ಮಣ್ಣು ಮೆತ್ತಿದ ಹಾಳೆ ಯಾರಿಗೂ ಬೇಡ. ರೋಟವೇಟರ್ ಹೊಡೆಸಿದೆವು. ಆಮೇಲೊಂದು ವರ್ಷ ಅಲ್ಲಿ ರಾಗಿ ಹಾಕಿದೆವು. ಒಕ್ಕಣೆಯ ದಿನ ಅಮ್ಮ ರಾಗಿ ತೂರುತ್ತಾ ಕೂಗಿದಳು, “ಇದೇನೋ, ನಮ್ಮ ಹೊಲದಲ್ಲಿ ಕಾಗೆಬಂಗಾರ ಬಂದೈತೆ!” ರಾಗಿಯ ನಡುವೆ ಪುಟ್ಟ ಪುಟ್ಟ ಬೆಳ್ಳಿ ಚೂರು, ಬಿಸಿಲಿಗೆ ಮಿಣಮಿಣ. ಅಮ್ಮ ಒಂದು ಸಂಜೆ ಪೂರ್ತಿ ಕೂತು ಆಯ್ದಳು. ಕಣ್ಣಿಗೆ ಕಂಡದ್ದನ್ನು ಆಯ್ದಳು.

ಕಾಣದ ಚೂರಿಗೆ ಹೆಸರು ಬಂದ ಕಥೆಯೂ ಚೆನ್ನಾಗಿದೆ. ರಿಚರ್ಡ್ ಥಾಂಪ್ಸನ್ ಅಂತ ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ವಿಜ್ಞಾನಿ. 1990ರ ದಶಕದಲ್ಲಿ, ಇನ್ನೂ ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ, ಸಮುದ್ರದ ದಂಡೆ ಗುಡಿಸಲು ಹೋಗಿದ್ದರು. ಸಿಕ್ಕಿದ್ದನ್ನು ಬರೆಯಲು ಒಂದು ಪಟ್ಟಿ ಇತ್ತು. ಬಾಟಲಿಗೆ ಒಂದು ಕಾಲಂ, ಹಗ್ಗಕ್ಕೆ ಒಂದು, ಚೀಲಕ್ಕೆ ಒಂದು. ದಂಡೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಇದ್ದದ್ದು ಚೂರುಗಳು, ಅವಕ್ಕೆ ಕಾಲಂ ಇರಲಿಲ್ಲ. ಅದರ ಬೆನ್ನು ಹತ್ತಿ 2004ರಲ್ಲಿ ಅವರು ಬರೆದ ಲೇಖನದಿಂದ ಮೈಕ್ರೊಪ್ಲಾಸ್ಟಿಕ್ ಅನ್ನುವ ಮಾತು ಜಗತ್ತಿಗೆ ಹಬ್ಬಿತು. ಈಗ 5 ಮಿಲಿಮೀಟರಿಗಿಂತ ಚಿಕ್ಕದ್ದಕ್ಕೆಲ್ಲ ಅದೇ ಹೆಸರು. ನಮ್ಮ ಸಬ್ಸಿಡಿ ಅರ್ಜಿಗಳಲ್ಲೂ ಪಹಣಿಗೆ ಜಾಗ ಇದೆ, ಆಧಾರಿಗೆ ಇದೆ, ಬ್ಯಾಂಕ್ ಪಾಸ್‌ಬುಕ್ಕಿಗೆ ಇದೆ. ಬೆಳೆ ಮುಗಿದ ಮೇಲೆ ಹಾಳೆ ಏನು ಮಾಡಿದಿರಿ ಅನ್ನುವುದಕ್ಕೆ ಕಾಲಂ ಇದ್ದದ್ದನ್ನು ನಾನಂತೂ ನೋಡಿಲ್ಲ.

ಇನ್ನು ನೀವು ಗೇಲಿ ಮಾಡಿದ ಹಿನ್ನೀರಿನ ಮಾತು, ಅಂದರೆ ಕೇರಳದ ವೆಂಬನಾಡು ಸರೋವರದ್ದು. ಅದರ ಬಗ್ಗೆ 2017ರಲ್ಲಿ ಬಂದ ವರದಿಯಲ್ಲಿ, ತಳದಿಂದ ತೆಗೆದ ಪ್ರತಿಯೊಂದು ಮಾದರಿ ಕೆಸರಿನಲ್ಲೂ ಚೂರು ಸಿಕ್ಕಿದವು. ಹೆಚ್ಚಿನವು ಕಡಿಮೆ ಸಾಂದ್ರತೆಯ ಪಾಲಿಥಿನ್. ಕ್ಯಾರಿ ಕವರು, ಮಲ್ಚಿಂಗ್ ಹಾಳೆ ಮಾಡುವುದೂ ಆ ಜಾತಿಯಿಂದಲೇ. ನಮ್ಮ ಹಾಳೆ ಅಲ್ಲಿಗೆ ಹೋಯಿತು ಅಂತ ನಾನು ಹೇಳುತ್ತಿಲ್ಲ, ನಮ್ಮ ನೀರು ಹೋಗುವುದು ಇನ್ನೊಂದು ಕಡಲಿಗೆ. ಹಡಗಿನಿಂದಲೂ ಬೀಳುತ್ತದೆ, ನಿಜ. 2025ರ ಮೇ ತಿಂಗಳಲ್ಲಿ ಕೊಚ್ಚಿಯ ಆಚೆ ಎಂಎಸ್‌ಸಿ ಎಲ್ಸಾ 3 ಅನ್ನುವ ಹಡಗು ಮುಳುಗಿ ಕೇರಳದ ದಂಡೆಗೆಲ್ಲ ಸಾಬಕ್ಕಿಯಂಥ ಪ್ಲಾಸ್ಟಿಕ್ ಕಾಳು ಬಂದು ಬಿದ್ದವು. ಅದನ್ನು ಟಿವಿಯವರು ತೋರಿಸುತ್ತಾರೆ. ಬದುವಿನ ಮೇಲಿನ ಗುಡ್ಡೆಯನ್ನು ಯಾರು ತೋರಿಸಬೇಕು?

ಅಂದ ಹಾಗೆ, ಚೂರು ನಮ್ಮ ಕಡೆಯಿಂದ ಹೋಗುವುದು ಮಾತ್ರ ಅಲ್ಲ, ನಮ್ಮ ಕಡೆಗೂ ಬರುತ್ತದೆ. 2018ರಲ್ಲಿ ಕೆಸಿ ವ್ಯಾಲಿಯ ನೀರು ಮೊದಲು ಲಕ್ಷ್ಮೀಸಾಗರದ ಕೆರೆಗೆ ಬಂತು. ಬೆಂಗಳೂರಿನ ಚರಂಡಿ ನೀರು, ಎರಡು ಹಂತ ಶುದ್ಧ ಮಾಡಿದ್ದು. ನೊರೆ ಎದ್ದಿತು, ಕೋರ್ಟಿಗೆ ಹೋಯಿತು, ಮತ್ತೆ ಬಂತು. ಅದರಿಂದ ಬೋರುಗಳಿಗೆ ಜೀವ ಬಂದದ್ದನ್ನು ನಾನು ಅಲ್ಲಗಳೆಯುವುದಿಲ್ಲ. ಪಾಲಿಯೆಸ್ಟರ್ ಬಟ್ಟೆ ಒಗೆದಾಗಲೆಲ್ಲ ಕಣ್ಣಿಗೆ ಕಾಣದ ಎಳೆಗಳು ಲಕ್ಷಗಟ್ಟಲೆ ಬಿಡುತ್ತವೆ. ಶುದ್ಧೀಕರಣದಲ್ಲಿ ಹೆಚ್ಚಿನವು ಕೆಸರಲ್ಲಿ ಕೂರುತ್ತವೆ, ಉಳಿದವು ನೀರಿನ ಜೊತೆ ಬರುತ್ತವೆ, ಕೆರೆಯ ತಳ ಸೇರುತ್ತವೆ. ನಾವು ಬೇಸಿಗೆಯಲ್ಲಿ ಏನು ಮಾಡುತ್ತೇವೆ? ಕೆರೆ ಗೋಡು ಹೊಡೆಸುತ್ತೇವೆ. ನಮ್ಮ ತಾತಂದಿರ ಕಾಲದ ಗೊಬ್ಬರ ಅದು. ಹೊಲದ ಚೂರು ಕೆರೆಗೆ, ಕೆರೆಯ ಗೋಡು ಹೊಲಕ್ಕೆ. ಎತ್ತಿನಹೊಳೆಯಿಂದ ಒಳ್ಳೇ ನೀರು ಬರುತ್ತದೆ ಅಂತ 2014ರಲ್ಲಿ ಚಿಕ್ಕಬಳ್ಳಾಪುರದಲ್ಲಿ ಅಡಿಗಲ್ಲು ಹಾಕಿದಾಗಿನಿಂದ ಕಾಯುತ್ತಿದ್ದೇವೆ. 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರದ ಹತ್ತಿರ ಮೊದಲ ಹಂತಕ್ಕೆ ಪೂಜೆಯೂ ಆಯಿತು. ಇಲ್ಲಿ ಕಾಯುವುದು ಮಾತ್ರ ನಿಂತಿಲ್ಲ.

ನನ್ನ ಸಿಟ್ಟು ಹೊಸದಲ್ಲ ಮೇಷ್ಟ್ರೇ. ಕೆಜಿಎಫ್‌ಗೆ ಹೋದಾಗ ಸೈನೈಡ್ ಗುಡ್ಡ ನೋಡಿರುತ್ತೀರಿ. ಚಿನ್ನ ತೆಗೆದ ಮೇಲೆ ಉಳಿದ ಪುಡಿ, ಮೂರು ಕೋಟಿ ಟನ್ನಿಗೂ ಜಾಸ್ತಿ. ಗಣಿ 2001ರಲ್ಲಿ ಮುಚ್ಚಿತು. ಚಿನ್ನ ತೆಗೆದುಕೊಂಡು ಹೋಗಲು ರೈಲು ಬಂದಿತ್ತು, ಪುಡಿ ತೆಗೆಯಲು ಯಾರೂ ಬರಲಿಲ್ಲ. ಗಾಳಿಕಾಲದಲ್ಲಿ ಅದು ಜನರ ಅಡುಗೆಮನೆಗೆ ಬರುತ್ತದೆ. ನೀಲಗಿರಿ ನೆಡಿ ಅಂದರು, ನೆಟ್ಟೆವು. ಆಮೇಲೆ ಕೀಳಿ ಅಂದರು. ತರುವವರು ಬ್ಯಾಂಡು ಬಾರಿಸಿಕೊಂಡು ಬರುತ್ತಾರೆ.

ವಾಪಸ್ ತೆಗೆದುಕೊಂಡು ಹೋಗುವುದು ಆಗದ ಕೆಲಸ ಅನ್ನುವುದನ್ನು ಮಾತ್ರ ನಾನು ನಂಬುವುದಿಲ್ಲ. ನಿಮ್ಮ ಹಳ್ಳಿಯ ಡೇರಿ ನೋಡಿ. ಒಬ್ಬ ಹೆಂಗಸು ಅರ್ಧ ಲೀಟರ್ ಹಾಲು ತಂದರೂ ಅಳೆದು, ಫ್ಯಾಟ್ ನೋಡಿ, ಬರೆದುಕೊಳ್ಳುತ್ತಾರೆ. ದಿನಕ್ಕೆ ಎರಡು ಸಲ. ಮಳೆ ಇರಲಿ, ಹಬ್ಬ ಇರಲಿ, ಹಾಲು ಎತ್ತಲು ಗಾಡಿ ಬರುತ್ತದೆ. ಅರ್ಧ ಲೀಟರ್ ಹಾಲನ್ನು ಮನೆಬಾಗಿಲಿಂದ ಎತ್ತುವ ಜಿಲ್ಲೆಗೆ ವರ್ಷಕ್ಕೆ ಎರಡು ಸಲ ಹಾಳೆ ಎತ್ತಲು ಆಗುವುದಿಲ್ಲವಾ? ತೂಕಕ್ಕೆ ಇಷ್ಟು ಅಂತ ಕೊಡಲಿ. ಸಬ್ಸಿಡಿಯ ಕಾಲು ಭಾಗವನ್ನು ಹಾಳೆ ವಾಪಸ್ ಕೊಟ್ಟ ಮೇಲೆ ಕೊಡಲಿ. ಕೀಳಲು ಬರುವ ಹಾಗೆ ಇನ್ನಷ್ಟು ದಪ್ಪದ್ದೇ ಕೊಡಲಿ. ಚೀನಾದವರು ಚೂರು ತುಂಬಿದ ಹತ್ತಿ ಹೊಲಗಳನ್ನು ನೋಡಿ ಬುದ್ಧಿ ಬಂದು, 2018ರಿಂದ ಹಾಳೆಯ ಕನಿಷ್ಠ ದಪ್ಪ ಏರಿಸಿದರು. ಏರಿಸಿದ ಮೇಲೂ 10 ಮೈಕ್ರಾನ್, ಅದು ಬೇರೆ ಮಾತು.

ನಮ್ಮಲ್ಲಿ ಮುಚ್ಚಿಗೆಗೆ ಬೇರೇನೂ ಇಲ್ಲವಾ? ರಾಗಿ ಹುಲ್ಲು ದನಕ್ಕೇ ಸಾಲದು, ಒಪ್ಪಿದೆ. ಆದರೆ ಶ್ರೀನಿವಾಸಪುರದ ಕಡೆ ಮಾವಿನ ತೋಪುಗಳಲ್ಲಿ ಬಿದ್ದ ಎಲೆಗೆ ಬೇಸಿಗೆಯಲ್ಲಿ ಬೆಂಕಿ ಹಾಕುತ್ತಾರೆ. ಎಲೆ ಸುಟ್ಟು ಪ್ಲಾಸ್ಟಿಕ್ ಕೊಳ್ಳುವುದು ನನಗೆ ಅರ್ಥವಾಗದ ವ್ಯವಹಾರ. ಹೊಂಗೆ ಸೊಪ್ಪು, ಅವರೆ ಹೊಟ್ಟು, ಕಡ್ಲೆಕಾಯಿ ಸಿಪ್ಪೆ ಹಾಸಿ ನಾಲ್ಕು ಸಾಲಾದರೂ ನೋಡಿ. ಇಳುವರಿ ಬಿದ್ದರೆ ನನಗೆ ಬೈದು ಬರೆಯಿರಿ, ಅಚ್ಚು ಹಾಕುತ್ತೇನೆ.

ರೇಟಿನ ಬಗ್ಗೆ ಬರೆಯಿರಿ ಅಂದಿರಿ. 2023ರ ಜುಲೈನಲ್ಲಿ ಕೋಲಾರದ ಮಂಡಿಯಲ್ಲಿ 15 ಕೆಜಿ ಬಾಕ್ಸು ಎರಡು ಸಾವಿರ ದಾಟಿದಾಗ ಬರೆದಿದ್ದೆ. ರಸ್ತೆಗೆ ಸುರಿದಾಗಲೂ ಬರೆದಿದ್ದೆ. ಎರಡು ಸಲವೂ ನಾನು ಬರೆದದ್ದನ್ನು ಓದಿ ರೇಟು ಕದಲಲಿಲ್ಲ.

ಇನ್ನು ಕವರು. ಸಿಕ್ಕಿಬಿದ್ದಿದ್ದೇನೆ. ಒಂದು ಮಳೆಗಾಲದಲ್ಲಿ ಪತ್ರಿಕೆ ನೆನೆದು ಮುದ್ದೆಯಾಗಿ ಹೋಗಿ, ಚಂದಾದಾರರು ಫೋನು ಮಾಡಿ ಉಗಿದರು. ಆಗ ಕವರು ಶುರುವಾಯಿತು, ಆಮೇಲೆ ಬಿಡಲಾಗಲಿಲ್ಲ. ಎಷ್ಟು ಮೈಕ್ರಾನ್ ಅಂತ ಮೊನ್ನೆ ಪ್ರೆಸ್ಸಿನವರನ್ನು ಕೇಳಿದೆ, ಅವರು ನಕ್ಕರು. ಮುಂದಿನ ಸಂಚಿಕೆ ಕಂದು ಕಾಗದದ ಪಟ್ಟಿಯಲ್ಲಿ ಬರುತ್ತದೆ. ಒಂದು ಪ್ರತಿಗೆ ಎಂಬತ್ತು ಪೈಸೆ ಜಾಸ್ತಿ ಆಗುತ್ತದೆ, ಚಂದಾ ಏರಿಸುವುದಿಲ್ಲ. ಹಳೆಯ ಕವರುಗಳನ್ನು ಬಿಸಾಡದೆ ಇಟ್ಟುಕೊಂಡಿದ್ದರೆ ಕೋಲಾರಕ್ಕೆ ಬಂದಾಗ ಕಚೇರಿಯಲ್ಲಿ ಕೊಟ್ಟು ಹೋಗಿ. ಕಾಫಿ ಕೊಡಿಸುತ್ತೇನೆ, ಸ್ಟೀಲ್ ಲೋಟದಲ್ಲಿ. ಮಳೆಗೆ ಪತ್ರಿಕೆ ನೆನೆದು ಬಂದರೆ ಮಾತ್ರ ಫೋನು ಮಾಡಬೇಡಿ, ಬಿಸಿಲಿಗೆ ಹಾಕಿ ಓದಿ.

— ಸಂ.