ಬಾಲ ಮಡಚಿಕೊಂಡಿರಲು ಆರೇ ನರಕೋಶ

ಪ್ರಶ್ನೆ: ಅಕ್ವೇರಿಯಂನಲ್ಲಿರುವ ಕ್ರೇಫಿಶ್ (ಲಾಬ್‌ಸ್ಟರ್‌ನ ಸಿಹಿನೀರಿನ ಪುಟ್ಟ ಬಂಧು) ಗಂಟೆಗಟ್ಟಲೆ ಬಾಲವನ್ನು ಅರ್ಧ ಮಡಚಿಕೊಂಡೇ ಇರುತ್ತದೆ. ಸ್ವಲ್ಪ ಮುಟ್ಟಿದರೆ ಸಾಕು, ಅದೇ ಬಾಲ ಬಡಿದು ಚಂಗನೆ ಹಾರುತ್ತದೆ. ಅಷ್ಟು ಚಿಕ್ಕ ಮಿದುಳು ಎರಡನ್ನೂ ಹೇಗೆ ನಿಭಾಯಿಸುತ್ತದೆ? ಎರಡಕ್ಕೂ ಒಂದೇ ನರವಾ?

ಉತ್ತರ: ಒಂದೇ ನರವಲ್ಲ, ಒಂದೇ ಸ್ನಾಯುವೂ ಅಲ್ಲ. ಬಾಲದೊಳಗೆ ತುಂಬಿಕೊಂಡಿರುವ ದಪ್ಪ ಸ್ನಾಯುಗಳೆಲ್ಲ ಹಾರುವುದಕ್ಕೆ. ಅವು ಬೇಗ ದಣಿಯುತ್ತವೆ. ಭಂಗಿ ಹಿಡಿದಿಡುವ ಕೆಲಸ ಚಿಪ್ಪಿಗೆ ಹತ್ತಿರ ಹಾಳೆಯಂತೆ ಹರಡಿರುವ ತೆಳು ಸ್ನಾಯುಗಳದು. ಇವು ನಿಧಾನ. ಒಮ್ಮೆಲೇ ಸೆಟೆದುಕೊಳ್ಳುವುದಿಲ್ಲ, ನರದ ಸಂಕೇತ ಎಷ್ಟು ಬೇಗ ಬೇಗ ಬರುತ್ತದೋ ಅಷ್ಟಷ್ಟೇ ಬಿಗಿಯಾಗುತ್ತವೆ.

ನನಗೆ ಈಗಲೂ ಸೋಜಿಗ ಅನಿಸುವುದು ನರಕೋಶಗಳ ಲೆಕ್ಕ. ನಮ್ಮ ಒಂದು ಸ್ನಾಯುವಿಗೆ ನೂರಾರು ನರಕೋಶಗಳು ಬೇಕು. ಕ್ರೇಫಿಶ್ ಬಾಲದ ಒಂದು ಖಂಡದಲ್ಲಿ (ಬಾಲದ ಉಂಗುರದಂಥ ಒಂದು ಭಾಗದಲ್ಲಿ), ಒಂದು ಬದಿಯಲ್ಲಿ, ಬಾಲ ಮಡಚುವ ತೆಳು ಸ್ನಾಯುವಿಗೆ ಇರುವುದು ಬರೀ ಆರು. ಐದು ನರಕೋಶಗಳು ಸ್ನಾಯುವನ್ನು ಬಿಗಿಗೊಳಿಸುತ್ತವೆ, ಆರನೆಯದು ಸಡಿಲಿಸುತ್ತದೆ. ಐದರ ಗಾತ್ರವೂ ಬೇರೆ ಬೇರೆ. ಸುಮ್ನೆ ಕೂತಿದ್ದಾಗಲೂ ಚಿಕ್ಕವು ಮಿಡಿಯುತ್ತಲೇ ಇರುತ್ತವೆ. ಜಾಸ್ತಿ ಬಲ ಬೇಕಾದಾಗ ದೊಡ್ಡವು ಕೈಜೋಡಿಸುತ್ತವೆ.

ಆ ಆರನೆಯದನ್ನು ಮರೆಯಬೇಡಿ. ನಮ್ಮಲ್ಲಿ ‘ಬೇಡ’ ಎನ್ನುವ ಸಂಕೇತವೆಲ್ಲ ಬೆನ್ನುಹುರಿಯೊಳಗೇ ಮುಗಿಯುತ್ತದೆ. ಸ್ನಾಯುವಿಗೆ ತಲುಪುವುದು ‘ಬಿಗಿಯಾಗು’ ಎಂಬ ಒಂದೇ ಮಾತು. ಏಡಿ, ಸೀಗಡಿ, ಲಾಬ್‌ಸ್ಟರ್‌ಗಳಲ್ಲಿ ತಡೆಯುವ ನರ ಸ್ನಾಯುವಿನ ತನಕ ಹೋಗುತ್ತದೆ. ಬಿಗಿಗೊಳಿಸುವ ನರ ಗ್ಲುಟಮೇಟ್ ಸುರಿಸಿದರೆ, ತಡೆಯುವುದು ಗಾಬಾ ಎಂಬ ರಾಸಾಯನಿಕವನ್ನು ಸುರಿಸುತ್ತದೆ. ಗಾಬಾ ನರಸಂಕೇತವನ್ನು ತಡೆಯುವ ವಸ್ತು ಎಂಬುದಕ್ಕೆ 1960ರ ದಶಕದಲ್ಲಿ ಗಟ್ಟಿ ಪುರಾವೆ ಸಿಕ್ಕಿದ್ದು ಲಾಬ್‌ಸ್ಟರ್‌ನಲ್ಲೇ.

ತಡೆಯುವ ನರ ಎಷ್ಟು ಉಪಯೋಗಕ್ಕೆ ಬರುತ್ತದೆ ಅಂತ ನೋಡಬೇಕಾದರೆ ಕಾಲಿಗೆ ಬರಬೇಕು. ಕ್ರೇಫಿಶ್ ಕಾಲಿನ ತುದಿಯನ್ನು ತೆರೆಯುವ ಸ್ನಾಯುವಿಗೂ ಅದರ ಹಿಂದಿನ ಗೆಣ್ಣನ್ನು ಚಾಚುವ ಸ್ನಾಯುವಿಗೂ ಬಿಗಿಗೊಳಿಸುವ ನರಕೋಶ ಒಂದೇ! ಹಾಗಾದರೆ ಎರಡೂ ಯಾವಾಗಲೂ ಒಟ್ಟಿಗೇ ಚಲಿಸಬೇಕು, ಅಲ್ವಾ? ಇಲ್ಲ. ಒಂದೇ ಟ್ಯಾಂಕಿನಿಂದ ಎರಡು ಪೈಪಿಗೆ ನೀರು ಬಿಟ್ಟು ಪ್ರತಿ ಪೈಪಿಗೂ ಬೇರೆ ನಲ್ಲಿ ಇಟ್ಟ ಹಾಗೆ, ಎರಡೂ ಸ್ನಾಯುಗಳಿಗೆ ತಮ್ಮದೇ ಆದ ತಡೆಯುವ ನರಕೋಶಗಳಿವೆ. ಯಾವುದು ಅಲುಗಬಾರದೋ ಅದನ್ನು ತಡೆದರೆ ಆಯಿತು.

ಇನ್ನು ಅಪ್ಪಣೆ ಕೊಡುವವರು ಯಾರು? 1960ರ ದಶಕದಲ್ಲಿ ವಿಜ್ಞಾನಿಗಳು ಕ್ರೇಫಿಶ್‌ನ ನರಹುರಿಯಿಂದ ಒಂದೊಂದೇ ನರತಂತು ಬಿಡಿಸಿ ವಿದ್ಯುತ್ ಮಿಡಿತ ಕೊಟ್ಟು ನೋಡಿದರು. ಒಂದು ತಂತು ಕೆರಳಿದರೆ ಇಡೀ ಬಾಲ ಒಂದು ಭಂಗಿಗೆ ಬರುತ್ತಿತ್ತು. ಇನ್ನೊಂದು ತಂತುವಿಗೆ ಇನ್ನೊಂದು ಭಂಗಿ. ಮಡಚುವ ನರಕೋಶಗಳು ಎಚ್ಚರಗೊಂಡರೆ ಸಾಲದು. ಚಾಚುವ ನರಕೋಶಗಳು ಸುಮ್ಮನಾಗಬೇಕು, ಚಾಚುವ ಸ್ನಾಯುವನ್ನು ತಡೆಯುವ ನರಕೋಶ ಕೆಲಸ ಶುರು ಮಾಡಬೇಕು. ಎಲ್ಲವೂ ಒಂದೇ ಏಟಿಗೆ ಆಗುತ್ತಿತ್ತು. ಇವಕ್ಕೆ ‘ಆಜ್ಞಾ ನರಕೋಶ’ ಎಂಬ ಹೆಸರು ಬಿತ್ತು. ಹೆಸರು ಸ್ವಲ್ಪ ಅತಿಯಾಯಿತು ಅಂತ ನನ್ನ ಅಭಿಪ್ರಾಯ. ಬದುಕಿರುವ ಪ್ರಾಣಿಯಲ್ಲಿ ಇಂಥ ಹಲವು ಕೋಶಗಳು ಒಟ್ಟಾಗಿ ಭಂಗಿ ನಿರ್ಧರಿಸುತ್ತವೆ. ವಿವರಗಳನ್ನು ಮಿದುಳು ಲೆಕ್ಕ ಹಾಕುವುದೂ ಇಲ್ಲ, ಅದು ಪ್ರತಿ ಖಂಡದಲ್ಲಿರುವ ನರಗಂಟಿನ, ಅಂದರೆ ನರಕೋಶಗಳ ಗೊಂಚಲಿನ, ಕೆಲಸ. ಚಿಕ್ಕ ಮಿದುಳು ಸಾಕಾಗುವುದು ಅದಕ್ಕೇ.

ಹಾರುವ ವಿಷಯಕ್ಕೆ ಬಂದರೆ, ಅಲ್ಲಿ ಮಾತ್ರ ಒಂದೇ ಕೋಶದ ಆಜ್ಞೆ ಎನ್ನಲು ಅಡ್ಡಿಯಿಲ್ಲ. ನರಹುರಿಯ ಉದ್ದಕ್ಕೂ ಎರಡು ಜೊತೆ ದೈತ್ಯ ನರತಂತುಗಳಿವೆ. ಮುಂದಿನಿಂದ ಅಪಾಯ ಬಂದರೆ ಒಂದು ಜೊತೆ ಪ್ರಾಣಿಯನ್ನು ನೇರ ಹಿಂದಕ್ಕೆ ಎಸೆಯುತ್ತದೆ. ಬಾಲದ ಕಡೆ ತಟ್ಟಿದರೆ ಇನ್ನೊಂದು ಜೊತೆ ಮೇಲಕ್ಕೆತ್ತಿ ಪಲ್ಟಿ ಹೊಡೆಸುತ್ತದೆ. ನೀವು ಎಲ್ಲಿ ಮುಟ್ಟಿದಿರಿ ಎಂಬುದರ ಮೇಲೆ ಅದು ಎತ್ತ ಹಾರುತ್ತದೆ ಎಂಬುದು ನಿಂತಿದೆ. ಸೆಕೆಂಡಿನ ನೂರರಲ್ಲೊಂದು ಭಾಗದ ಆಸುಪಾಸಿನಲ್ಲಿ ಪ್ರತಿಕ್ರಿಯೆ ಶುರು. ಈ ಹಾದಿಯ ಕೆಲವು ಜೋಡಣೆಗಳಲ್ಲಿ ರಾಸಾಯನಿಕದ ಗೊಡವೆಯೇ ಇಲ್ಲ, ವಿದ್ಯುತ್ ನೇರ ದಾಟುತ್ತದೆ. ಫರ್ಶ್‌ಪಾನ್ ಮತ್ತು ಪಾಟರ್ ಎಂಬ ವಿಜ್ಞಾನಿಗಳು ಇದನ್ನು ಕ್ರೇಫಿಶ್‌ನಲ್ಲಿ ತೋರಿಸಿ 1959ರಲ್ಲಿ ವಿವರವಾಗಿ ಪ್ರಕಟಿಸಿದರು. ಹಾರುವ ಆಜ್ಞೆ ಹೊರಟ ಕೂಡಲೇ ಭಂಗಿಯ ನರಕೋಶಗಳ ಬಾಯಿ ಮುಚ್ಚಿಸಲಾಗುತ್ತದೆ. ಇಲ್ಲದಿದ್ದರೆ ಎರಡು ವ್ಯವಸ್ಥೆಗಳು ಜಗ್ಗಾಡುತ್ತಿದ್ದವು.

ರಕ್ತದಲ್ಲಿ ಹರಿಯುವ ವಸ್ತುಗಳೂ ಭಂಗಿ ಬದಲಿಸುತ್ತವೆ. 1980ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಲಾಬ್‌ಸ್ಟರ್‌ಗೆ ಸೆರೊಟೊನಿನ್ ಚುಚ್ಚಿದಾಗ ಅದು ಎತ್ತರವಾಗಿ ನಿಂತು ಬಾಲ ಒಳಕ್ಕೆ ಮಡಚಿತು. ಆಕ್ಟೊಪಮೈನ್ ಚುಚ್ಚಿದಾಗ ಕಾಲು, ಬಾಲ ಚಾಚಿ ನೆಲಕ್ಕೆ ಅಂಟಿತು.

ಪ್ರಶ್ನೆ: ಸೀಗಡಿಗೆ ನೀರಿನೊಳಗೆ ಮೇಲೆ ಯಾವುದು, ಕೆಳಗೆ ಯಾವುದು ಅಂತ ಹೇಗೆ ಗೊತ್ತಾಗುತ್ತದೆ?

ಉತ್ತರ: ಚಿಕ್ಕ ಮೀಸೆಗಳ ಬುಡದಲ್ಲಿ ಒಂದೊಂದು ಪುಟ್ಟ ಗೂಡು ಇದೆ. ಅದರಲ್ಲಿ ಮರಳಿನ ಕಣಗಳು ಸೂಕ್ಷ್ಮ ರೋಮಗಳ ಮೇಲೆ ಕೂತಿರುತ್ತವೆ. ಮೈ ವಾಲಿದರೆ ಕಣಗಳ ಒತ್ತಡದಿಂದ ರೋಮ ಬಾಗುತ್ತದೆ, ನರಕ್ಕೆ ಸುದ್ದಿ ಹೋಗುತ್ತದೆ. ಪೊರೆ ಕಳಚಿದಾಗ ಮರಳೂ ಹೋಗುವುದರಿಂದ ಸೀಗಡಿ ಹೊಸ ಮರಳು ತುಂಬಿಕೊಳ್ಳಬೇಕು. 1893ರಲ್ಲಿ ಕ್ರೈಡ್ಲ್ ಎಂಬ ವಿಜ್ಞಾನಿ ಆ ಹೊತ್ತಿಗೆ ಮರಳಿನ ಬದಲು ಕಬ್ಬಿಣದ ಪುಡಿ ಇಟ್ಟರು. ಸೀಗಡಿ ಅದನ್ನೇ ತುಂಬಿಕೊಂಡಿತು. ಆಮೇಲೆ ಅವರು ಆಯಸ್ಕಾಂತ ಹಿಡಿದಾಗ ಅದರ ಸೆಳೆತವನ್ನೇ ಗುರುತ್ವ ಎಂದುಕೊಂಡು ಮೈ ಓರೆ ಮಾಡಿತು. ಬೆಳಕು ಬರುವ ದಿಕ್ಕೂ ನೆರವಿಗಿದೆ. ಈ ಗೂಡುಗಳನ್ನು ತೆಗೆದ ಸೀಗಡಿಗೆ ಕೆಳಗಿನಿಂದ ಬೆಳಕು ಬಿಟ್ಟರೆ ತಲೆಕೆಳಗಾಗಿ ಈಜುತ್ತದೆ.